ಜೀತ, ಬಿಟ್ಟಿ ಮತ್ತು ಒಂದು ರೂಪಾಯಿ

ಹೈದರಾಬಾದಿಗೆ ಹೊಸದಾಗಿ ಹೋದ ಕನ್ನಡಿಗರನ್ನು ಮೊದಲ ತಿಂಗಳಲ್ಲೇ ಬೆಚ್ಚಿಬೀಳಿಸುವ ತೆಲುಗು ಪದವೊಂದಿದೆ: 'ಜೀತಂ'. ಅಲ್ಲಿ ಅದು ತಿಂಗಳ ಸಂಬಳ. ಕನ್ನಡದ ಜೀತವಾದರೋ ಸಾಲಕ್ಕೆ ಒತ್ತೆಬಿದ್ದ ಬದುಕು. ಎರಡೂ ಒಂದೇ ಪದ. ಸಂಸ್ಕೃತದ 'ಜೀವಿತ'ದಿಂದ ಬಂದ ಇದಕ್ಕೆ ಹಿಂದೆ ಕನ್ನಡದಲ್ಲೂ ಸಂಬಳ, ಜೀವನಾಧಾರ ಎಂಬ ಅರ್ಥವೇ ಇತ್ತು. ಸಂಬಳದ ಹೆಸರೇ ಬಂಧನದ ಹೆಸರಾಯಿತು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಬಲವಂತದ ದುಡಿಮೆಯ ದೇಶೀ ಹೆಸರುಗಳ ಒಂದು ಪಟ್ಟಿಯಿದೆ. ಅದರಲ್ಲಿ 'ಜೀತ' ಇದೆ. ನಮ್ಮ 'ಬಿಟ್ಟಿ'ಯ ಒಡಹುಟ್ಟಿದ 'ವೆಟ್ಟಿ'ಯೂ ಇದೆ.

ಹಾಗಾದರೆ ಕೂಲಿ ಎಲ್ಲಿ ಮುಗಿದು ಜೀತ ಎಲ್ಲಿ ಶುರುವಾಗುತ್ತದೆ? ಈ ಪ್ರಶ್ನೆ 1982ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು.

ಆ ವರ್ಷದ ನವೆಂಬರಿನಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ. ಕ್ರೀಡಾಂಗಣ, ಮೇಲ್ಸೇತುವೆ, ಹೋಟೆಲುಗಳ ಕೆಲಸ ಭರದಿಂದ ನಡೆದಿತ್ತು. ರಾಜಸ್ಥಾನ, ಉತ್ತರಪ್ರದೇಶ, ಒಡಿಶಾಗಳಿಂದ ಕೂಲಿಕಾರರನ್ನು ಜಮಾದಾರರು ಕರೆತಂದಿದ್ದರು. ದಿನದ ಕನಿಷ್ಠ ಕೂಲಿ 9.25 ರೂಪಾಯಿ. ಗುತ್ತಿಗೆದಾರರು ಆ ಹಣವನ್ನು ಜಮಾದಾರರ ಕೈಗೆ ಕೊಡುತ್ತಿದ್ದರು. ಜಮಾದಾರರು ತಲೆಗೊಂದು ರೂಪಾಯಿ ಕಮಿಷನ್ ಮುರಿದುಕೊಳ್ಳುತ್ತಿದ್ದರು. ಹೆಂಗಸರ ಕೈಗೆ ಸಿಗುತ್ತಿದ್ದುದು ಏಳೇ ರೂಪಾಯಿ ಎಂಬ ದೂರಿತ್ತು. ಹದಿನಾಲ್ಕು ತುಂಬದ ಮಕ್ಕಳೂ ದುಡಿಯುತ್ತಿದ್ದರು.

ಮೂವರು ಸಮಾಜವಿಜ್ಞಾನಿಗಳು ಇದನ್ನು ಕಣ್ಣಾರೆ ಕಂಡು ವರದಿ ಮಾಡಿದರು. ಅದನ್ನು ಆಧರಿಸಿ ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಸಂಘಟನೆ ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿಗೆ ಒಂದು ಪತ್ರ ಬರೆಯಿತು. ಆ ಪತ್ರವನ್ನೇ ನ್ಯಾಯಾಲಯ ರಿಟ್ ಅರ್ಜಿಯೆಂದು ಸ್ವೀಕರಿಸಿತು. ಸರ್ಕಾರದ ಕಡೆಯವರು ಆಕ್ಷೇಪಿಸಿದರು: ಅರ್ಜಿದಾರರಿಗೆ ಸ್ವಂತ ನಷ್ಟವೇನೂ ಆಗಿಲ್ಲ, ಕಾರ್ಮಿಕರು ಗುತ್ತಿಗೆದಾರರ ನೌಕರರೇ ಹೊರತು ಸರ್ಕಾರದವರಲ್ಲ.

ಭಗವತಿ ಮತ್ತು ಬಹರುಲ್ ಇಸ್ಲಾಂ ಅವರ ಪೀಠ ಸೆಪ್ಟೆಂಬರ್ 18ರಂದು ತೀರ್ಪಿತ್ತಿತು. ಸಂವಿಧಾನದ 23ನೇ ವಿಧಿ 'ಬೇಗಾರ್' ಹಾಗೂ ಅಂಥದೇ ಬಲವಂತದ ದುಡಿಮೆಯನ್ನು ನಿಷೇಧಿಸುತ್ತದೆ. ಪುಕ್ಕಟೆ ದುಡಿಸಿಕೊಂಡರೆ ಮಾತ್ರ ಅದು ಬೇಗಾರ್, ಅಷ್ಟೋ ಇಷ್ಟೋ ಕೊಟ್ಟರೆ ಅಲ್ಲ ಎಂಬ ಅರ್ಥವನ್ನು ನ್ಯಾಯಾಲಯ ಒಪ್ಪಲಿಲ್ಲ. ಕಾನೂನುಬದ್ಧ ಕೂಲಿಗಿಂತ ಕಡಿಮೆಗೆ ಯಾರೂ ತಿಳಿದೂ ತಿಳಿದೂ ದುಡಿಯುವುದಿಲ್ಲ. ದುಡಿದರೆ ಅವರ ಹಿಂದೆ ಯಾವುದೋ ಒತ್ತಾಯವಿದೆ. ಒತ್ತಾಯಕ್ಕೆ ದೊಣ್ಣೆಯೇ ಬೇಕಿಲ್ಲ, ಹಸಿವು ಸಾಕು. ಆದ್ದರಿಂದ ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ.

ಈ ಒಂದು ವ್ಯಾಖ್ಯಾನದಿಂದ ಜಮಾದಾರ ಮುರಿದುಕೊಂಡ ರೂಪಾಯಿ ಬರೀ ಲೆಕ್ಕದ ತಗಾದೆಯಾಗಿ ಉಳಿಯದೆ ಮೂಲಭೂತ ಹಕ್ಕಿನ ಪ್ರಶ್ನೆಯಾಯಿತು. ಈ ಹಕ್ಕನ್ನು ಖಾಸಗಿಯವರು ಮುರಿದರೂ ತಡೆಯುವುದು ಸರ್ಕಾರದ ಹೊಣೆ, ಗುತ್ತಿಗೆದಾರನತ್ತ ಬೆರಳು ತೋರಿಸಿ ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ ಎಂದೂ ಪೀಠ ಹೇಳಿತು. ಮಕ್ಕಳ ದುಡಿಮೆಯ ಹಳೆಯ ಕಾಯ್ದೆಯ ಪಟ್ಟಿಯಲ್ಲಿ ಕಟ್ಟಡ ಕೆಲಸ ಇರಲಿಲ್ಲ. ಇಲ್ಲದಿದ್ದರೂ 24ನೇ ವಿಧಿಯ ಪ್ರಕಾರ ಅದು ಅಪಾಯದ ಕೆಲಸವೇ, ಮಕ್ಕಳನ್ನು ಅಲ್ಲಿ ದುಡಿಸುವಂತಿಲ್ಲ ಎಂದಿತು.

ಮರುವರ್ಷ ರಾಜಸ್ಥಾನದ ಬರಪರಿಹಾರ ಕಾಮಗಾರಿಯ ಪ್ರಕರಣ ಬಂತು. ಅಲ್ಲಿ ಕೂಲಿ ಕೊಡುವವನು ಸರ್ಕಾರವೇ. ಬರಗಾಲದಲ್ಲಿ ಕೆಲಸ ಕೊಟ್ಟದ್ದೇ ಉಪಕಾರ ಎಂದುಕೊಂಡು ಕೂಲಿ ಇಳಿಸುವಂತಿಲ್ಲ ಎಂದು ಸಂಜಿತ್ ರಾಯ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿತು.

ತೀರ್ಪು ತಾನಾಗಿಯೇ ಕಟ್ಟಡದ ಅಟ್ಟಣಿಗೆ ಹತ್ತುವುದಿಲ್ಲ. ಮ್ಯಾಜಿಸ್ಟ್ರೇಟರು ಚಿಲ್ಲರೆ ದಂಡ ಹಾಕಿ ಬಿಟ್ಟರೆ ಕಾರ್ಮಿಕ ಕಾನೂನುಗಳು ಕಾಗದದಲ್ಲೇ ಉಳಿಯುತ್ತವೆ ಎಂಬ ಎಚ್ಚರ ಆ ತೀರ್ಪಿನಲ್ಲೇ ಇದೆ. ಮುಂಬೈ, ಪುಣೆ, ಚೆನ್ನೈಗಳಲ್ಲಿ ಮೇಸ್ತ್ರಿಯ ಕೈದಾಟಿ ಬರುವ ಕೂಲಿಯಲ್ಲಿ ಏನಾದರೂ ಸೋರಿಹೋದಾಗ ಅದಕ್ಕೆ ಕಮಿಷನ್ ಎಂದೇ ಹೆಸರು. ಸಂವಿಧಾನ ಅದನ್ನು ಬೇರೆ ಹೆಸರಿನಿಂದ ಕರೆಯುತ್ತದೆ ಎಂಬುದು ಗೊತ್ತಿದ್ದರೆ, ಕೇಳುವ ದನಿಯಾದರೂ ಬದಲಾದೀತು.