ಕಪ್ಪು ಮುಖದ ವಾಚು: ಬೆಂಗಳೂರಿನ ‘ಪೈಲಟ್’, ಹೊಸೂರಿನ ಕ್ವಾರ್ಟ್ಜ್

ಠಾಣೆ, ಡೊಂಬಿವಲಿ, ಕಲ್ಯಾಣದ ಲೋಕಲ್ ರೈಲುಗಳಲ್ಲಿ ಹಿಡಿಕೆಗೆ ಜೋತುಬಿದ್ದ ಕೈಗಳನ್ನು ನೋಡುತ್ತಾ ಹೋದರೆ ‘ಪೈಲಟ್’ ಶೈಲಿಯ ವಾಚು ಒಂದಾದರೂ ಕಂಡೀತು. ಸ್ಟೀಲ್ ಕವಚ, ಕಪ್ಪು ಡಯಲು, ದಪ್ಪ ಬಿಳಿ ಅಂಕಿಗಳು. ಕಟ್ಟಿಕೊಂಡವರು ವಿಮಾನ ಓಡಿಸಿರಬೇಕೆಂದೇನಿಲ್ಲ. ಆದರೆ ಆ ಮುಖ ಹಾಗಿರುವುದಕ್ಕೆ ಕಾರಣವಿದೆ.

ಹಾರಾಟದಲ್ಲಿ ಎರಡೂ ಕೈಗಳಿಗೆ ಕೆಲಸವಿರುತ್ತದೆ. ಜೇಬಿನ ಗಡಿಯಾರ ತೆಗೆದು ನೋಡಲು ಪುರುಸೊತ್ತಿಲ್ಲ. ಅದಕ್ಕೇ 1904ರಲ್ಲಿ ಬ್ರೆಜಿಲ್ಲಿನ ಆಲ್ಬರ್ಟೊ ಸಾಂಟೋಸ್-ಡುಮಾಂಟ್‌ಗೆ ಪ್ಯಾರಿಸ್ಸಿನ ಲೂಯಿ ಕಾರ್ಟಿಯೆ ಕೈಗಡಿಯಾರ ಮಾಡಿಕೊಟ್ಟರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ವಾಯುಪಡೆಯ ನ್ಯಾವಿಗೇಟರುಗಳ ವಾಚು 55 ಮಿಲಿಮೀಟರ್ ಅಗಲವಿತ್ತು. ಅದನ್ನು ಜಾಕೆಟ್ಟಿನ ತೋಳಿನ ಮೇಲೆಯೇ ಕಟ್ಟುತ್ತಿದ್ದರು. ಕಪ್ಪು ಹಿನ್ನೆಲೆ, ಕತ್ತಲಲ್ಲಿ ಹೊಳೆಯುವ ಮುಳ್ಳು, 12ರ ಜಾಗದಲ್ಲಿ ತ್ರಿಕೋನ: ಎಲ್ಲವೂ ಒಂದೇ ನೋಟಕ್ಕೆ ಸಮಯ ತಿಳಿಯಲೆಂದು.

ನಮ್ಮಲ್ಲಿ ಈ ರೂಪವನ್ನು ಮನೆಮಾತಾಗಿಸಿದ್ದು ಬೆಂಗಳೂರು. 1953ರಲ್ಲಿ ಯಂತ್ರೋಪಕರಣ ತಯಾರಿಸಲು ಹುಟ್ಟಿದ ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರಕ್ಕೆ ಕೈಹಾಕಿತು. ಮುಂದೆ ‘ಜನತಾ’ದಂತೆಯೇ ‘ಪೈಲಟ್’ ಕೂಡ ಹೆಸರು ಮಾಡಿತು. ದಿನವೂ ಕೀಲಿ ಕೊಡಬೇಕಾದ, 17 ಜ್ಯುವೆಲ್‌ಗಳ ಯಂತ್ರ ಅದು. ಒಳಗಿನ ಚಕ್ರ ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ 5 ಸಲ ಬಡಿಯುತ್ತಿತ್ತು.

ಇತ್ತ 1969ರ ಡಿಸೆಂಬರ್ 25ರಂದು ಜಪಾನಿನ ಸೈಕೊ ಕಂಪನಿ ‘ಆಸ್ಟ್ರಾನ್’ ಎಂಬ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. ಇಂದಿನ ಸಾಮಾನ್ಯ ಕ್ವಾರ್ಟ್ಜ್ ವಾಚಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು 15 ಬಾರಿ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ 1 ಉಳಿಯುತ್ತದೆ. ಅದೇ ಸೆಕೆಂಡಿನ ಮುಳ್ಳಿನ ಒಂದು ಹೆಜ್ಜೆ. ಕೀಲಿ ವಾಚು ಒಂದು ದಿನದಲ್ಲಿ ತಪ್ಪುವಷ್ಟನ್ನು ಇದು ಒಂದು ತಿಂಗಳಲ್ಲೂ ತಪ್ಪಲಾರದು.

ಕ್ವಾರ್ಟ್ಜ್ ಗೊತ್ತಿಲ್ಲದೆ ಎಚ್‌ಎಂಟಿ ಸೋತಿತು ಎನ್ನುವವರಿದ್ದಾರೆ. ಅದು ನಿಜವಲ್ಲ. 1980ರ ದಶಕದ ಆರಂಭದಲ್ಲೇ ಅದು ಕ್ವಾರ್ಟ್ಜ್ ವಾಚು ತಂದಿತ್ತು. ಟಾಟಾ ಸಮೂಹವೂ ತಮಿಳುನಾಡು ಸರ್ಕಾರದ ಟಿಡ್ಕೊ ಸಂಸ್ಥೆಯೂ ಸೇರಿ ಟೈಟನ್ ಕಟ್ಟಿದ್ದು 1984ರಲ್ಲಿ. ಗಡಿಯಾಚೆ ಹೊಸೂರಿನಲ್ಲಿ ಅದರ ಕಾರ್ಖಾನೆ. ತಂತ್ರಜ್ಞಾನ ಎರಡೂ ಕಡೆ ಇತ್ತು. ವ್ಯತ್ಯಾಸವಿದ್ದದ್ದು ವಾಚು ಯಾಕೆ ಬೇಕು ಎಂಬ ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿ. ಎಚ್‌ಎಂಟಿಗೆ ವಾಚು ಬಾಳಿಕೆ ಬರುವ ಯಂತ್ರ. ಜೆರ್ಕ್ಸಿಸ್ ದೇಸಾಯಿ ನೇತೃತ್ವದ ಟೈಟನ್‌ಗೆ ಅದು ಒಡವೆ, ಉಡುಗೊರೆ. ಚೆಂದದ ಷೋರೂಮು, ಮೊಜಾರ್ಟ್ ಸಂಗೀತದ ಜಾಹೀರಾತು, ಹತ್ತಾರು ವಿನ್ಯಾಸ. ಉತ್ಪಾದನೆಯ ಲೆಕ್ಕದಲ್ಲಿ ಗೆದ್ದವರು ಕೊಳ್ಳುವವರ ಮನಸ್ಸಿನ ಲೆಕ್ಕದಲ್ಲಿ ಸೋಲಬಹುದು. ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮಂಥವರಿಗೂ ಇದು ಹೊಸ ಕಥೆಯೇನಲ್ಲ.

ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿತು. ತುಮಕೂರಿನ ವಾಚ್ ಕಾರ್ಖಾನೆಯ ಜಾಗ ಇಸ್ರೋ ಪಾಲಾಯಿತು. ಸೂಕ್ಷ್ಮ ಕೆಲಸಕ್ಕೆ ಪಳಗಿದ ಕೈಗಳು ಮಾತ್ರ ಚದುರಿಹೋದವು. ನಷ್ಟದ ಲೆಕ್ಕಪುಸ್ತಕದಲ್ಲಿ ಅದಕ್ಕೊಂದು ಕಾಲಂ ಇರುವುದಿಲ್ಲ.

ಆದರೂ ಹಳೆಯ ಯಂತ್ರಗಳು ಸತ್ತಿಲ್ಲ. ಹಳೆಯ ಎಚ್‌ಎಂಟಿ ಯಂತ್ರಕ್ಕೆ ಹೊಸದಾಗಿ ಬಣ್ಣ ಬಳಿದ ಡಯಲು ಕೂರಿಸಿ ಮಾರುವ ವ್ಯಾಪಾರ ನಮ್ಮ ಈ ಊರಿನ ಕಡೆಯೇ ಬೆಳೆಯಿತು. ಸಂಗ್ರಾಹಕರು ಅವನ್ನು ‘ಮುಂಬೈ ಸ್ಪೆಷಲ್’ ಎಂದು ತುಸು ವ್ಯಂಗ್ಯವಾಗಿಯೇ ಕರೆಯುತ್ತಾರೆ. ಅಸಲಿ ಪೈಲಟ್ ಬೇಕೆನ್ನುವವರು ಡಯಲಿನ ಅಚ್ಚನ್ನು ಭೂತಗನ್ನಡಿಯಲ್ಲಿ ನೋಡಿ ಕೊಳ್ಳುವುದು ಒಳ್ಳೆಯದು. ಮುಖ ಹೊಸದಾದರೂ ಒಳಗೆ ಬಡಿಯುತ್ತಿರುವುದು ಬಹುಪಾಲು ಬೆಂಗಳೂರೇ.