ಓಟಾಕಿಯ ತರುಣರು

ಲೋಕದ ಬೇರೆ ಬೇರೆ ಮೂಲನಿವಾಸಿ ಜನಾಂಗಗಳ ತರುಣ ತರುಣಿಯರು ತಮ್ಮ ಚರ್ಚುಗಳ ಪರವಾಗಿ ನ್ಯೂಜಿಲೆಂಡಿಗೆ ಹೋಗಿ, ಅಲ್ಲಿಯ ಮೂಲನಿವಾಸಿಗಳಾದ ಮಾವೋರಿಗಳ ನಡುವೆ ಕೆಲಕಾಲ ನೆಲೆಸಿ, ಅವರೊಡನೆ ಉಂಡು, ಪ್ರಾರ್ಥಿಸಿ, ಕಲಿತು ಬರುವುದು ಈಚಿನ ಏರ್ಪಾಡೆಂದು ತೋರಬಹುದು. ಆದರೆ ಆ ನಾಡಿನಲ್ಲಿ ಕ್ರೈಸ್ತಧರ್ಮವು ಹಬ್ಬಿದ ಬಗೆಯನ್ನು ಬಲ್ಲವರಿಗೆ ಇಂತಹ ಯಾತ್ರೆ ಹೊಸತಲ್ಲ. 1814ರ ಕ್ರಿಸ್‌ಮಸ್ ದಿನ ಆಂಗ್ಲ ಪಾದ್ರಿ ಸ್ಯಾಮ್ಯುಯೆಲ್ ಮಾರ್ಸ್‌ಡೆನ್ ಬೇ ಆಫ್ ಐಲೆಂಡ್ಸ್ ತೀರದಲ್ಲಿ ಉಪದೇಶ ಮಾಡಿದ ಮೇಲೂ ಬಹುವರ್ಷಗಳ ಕಾಲ ಆ ಬೋಧೆಗೆ ಕಿವಿಗೊಟ್ಟವರು ವಿರಳ. ಮುಂದೆ ಅದನ್ನು ಒಳನಾಡಿಗೆ ಕೊಂಡೊಯ್ದವರು ಬಹುಮಟ್ಟಿಗೆ ಮಾವೋರಿಗಳೇ, ಅವರಲ್ಲಿಯೂ ಯುದ್ಧದಲ್ಲಿ ಸೆರೆಸಿಕ್ಕು ಬಿಡುಗಡೆ ಹೊಂದಿ ಊರಿಗೆ ಮರಳಿದವರು.

1836ರ ಅಕ್ಟೋಬರಿನಲ್ಲಿ ವೈರೆರೆ ಜಲಪಾತದ ಬಳಿ ತಂಗಿದ್ದ ಪ್ರಯಾಣಿಕರ ಮೇಲೆ ರೊಟೊರುವಾ ಕಡೆಯ ಯೋಧರು ಎರಗಿ, ನ್ಗಾಕುಕು ಎಂಬಾತನ ಸುಮಾರು 12 ವರ್ಷದ ಮಗಳು ತಾರೋರೆಯನ್ನು ಕೊಂದರು. ಮಿಷನ್ ಶಾಲೆಯಲ್ಲಿ ಓದು ಕಲಿತಿದ್ದ ಆ ಬಾಲೆಯ ಬಳಿ ಮಾವೋರಿ ಭಾಷೆಯಲ್ಲಿ ಅಚ್ಚಾದ ಲೂಕನ ಸುವಾರ್ತೆಯಿತ್ತು. ಕೊಂದವರು ಅದನ್ನೂ ಒಯ್ದರು. ರಕ್ತಕ್ಕೆ ರಕ್ತವನ್ನು ಕೇಳುವುದೇ ಕುಲಧರ್ಮವಾಗಿದ್ದ ಆ ಕಾಲದಲ್ಲಿ ತಂದೆ ಪ್ರತೀಕಾರವನ್ನು ನಿರಾಕರಿಸಿದನು. ಹಾಗೆ ನಿರಾಕರಿಸುವುದಕ್ಕೆ ಎಂತಹ ಎದೆಗಾರಿಕೆ ಬೇಕಾಗಿತ್ತೆಂಬುದನ್ನು ಊಹಿಸುವುದೇ ನಮಗೆ ಕಷ್ಟ. ಎರಗಿದವರಲ್ಲೊಬ್ಬನೂ ಓದಲರಿಯದವನೂ ಆದ ಊಯಿತನ ಕೈಸೇರಿದ ಆ ಪುಸ್ತಕವನ್ನು ಬಿಡುಗಡೆ ಹೊಂದಿದ ಸೆರೆಯಾಳು ರಿಪಹಾವು ಅವನಿಗೆ ಓದಿ ಹೇಳಿದನೆಂದೂ, ಊಯಿತನು ಪಶ್ಚಾತ್ತಾಪಪಟ್ಟನೆಂದೂ, ಪುಸ್ತಕವು ಕಡೆಗೆ ದಕ್ಷಿಣದ ಓಟಾಕಿಯನ್ನು ಮುಟ್ಟಿತೆಂದೂ ಮಾವೋರಿ ಪರಂಪರೆ ಹೇಳುತ್ತದೆ.

ಓಟಾಕಿಯಲ್ಲಿ ರಿಪಹಾವುವಿನಿಂದ ಅಕ್ಷರ ಕಲಿತವರು ಇಬ್ಬರು ತರುಣರು: ಮಹಾಯೋಧ ತೆ ರೌಪರಹನ ಮಗ ತಾಮಿಹಾನ, ಮತ್ತು ಅವನ ಬಂಧು ಮಾತೆನೆ ತೆ ಫಿಫಿ. ಗುರುವೊಬ್ಬನನ್ನು ಬೇಡಿ ತರುವುದಕ್ಕಾಗಿ 1839ರಲ್ಲಿ ಇವರು ಬೇ ಆಫ್ ಐಲೆಂಡ್ಸ್‌ವರೆಗೆ ಹೋದರು. ಶ್ವಾಸರೋಗದಿಂದ ಬಳಲುತ್ತಿದ್ದ 25ರ ಮಿಷನರಿ ಆಕ್ಟೇವಿಯಸ್ ಹ್ಯಾಡ್‌ಫೀಲ್ಡ್ ತಾನೇ ಬರುವೆನೆಂದು ಮುಂದಾದನು. ಅದಕ್ಕಿಂತಲೂ ಮಿಗಿಲಾದ ಸಾಹಸ ನಡೆದುದು ಕೆಲವರ್ಷಗಳ ತರುವಾಯ. ತೆ ರೌಪರಹನು ದಕ್ಷಿಣ ದ್ವೀಪದ ಕೈಯಪೊಯ್ ಕೋಟೆಯನ್ನು ನಾಶಮಾಡಿ ಇನ್ನೂ ಹೆಚ್ಚು ಕಾಲ ಕಳೆದಿರಲಿಲ್ಲ; ಅಲ್ಲಿಯ ನ್ಗಾಯ್ ತಾಹು ಜನರ ಬಳಿಗೆ, ಹಿರಿಯರ ಶತ್ರುಗಳೆಂಬುದನ್ನು ಅರಿತೇ, ಈ ತರುಣರು ಕಡಲ ಮೇಲೆ ದೋಣಿಯಲ್ಲಿ ಹೋಗಿ ಬೋಧಿಸಿದರು. ಕೊಂದವನ ಮಗನನ್ನು ಆ ಜನ ಕುಳ್ಳಿರಿಸಿ ಕೇಳಿದುದು, ನನ್ನ ಎಣಿಕೆಯಲ್ಲಿ, ಯಾವ ಬಿಷಪ್ಪನ ಪ್ರವಾಸಕ್ಕಿಂತಲೂ ದೊಡ್ಡ ಘಟನೆ.

1851ರಲ್ಲಿ ಪೂರ್ಣಗೊಂಡ ಓಟಾಕಿಯ ರಂಗಿಆತೆಯ ಚರ್ಚು 1995ರಲ್ಲಿ ಬೆಂಕಿಗೆ ಆಹುತಿಯಾಗಿ, 2003ರಲ್ಲಿ ಮತ್ತೆ ಎದ್ದು ನಿಂತಿತು. ಆದರೆ ಚರ್ಚಿನ ಚರಿತ್ರೆಯೆಲ್ಲವೂ ಇಷ್ಟು ನಿರ್ಮಲವಲ್ಲ. 1860ರ ವೈತಾರಾ ಭೂಮಿಯ ಸರ್ಕಾರಿ ಖರೀದಿಯನ್ನು ಹ್ಯಾಡ್‌ಫೀಲ್ಡ್ ಬಹಿರಂಗವಾಗಿ ವಿರೋಧಿಸಿದರೂ, ಆ ದಶಕದ ಯುದ್ಧಗಳಲ್ಲಿ ಸರ್ಕಾರವು ಲಕ್ಷಾಂತರ ಎಕರೆ ಮಾವೋರಿ ನೆಲವನ್ನು ಕಿತ್ತುಕೊಂಡಿತು. ಕೆನಡಾದಲ್ಲಿಯಂತೂ ಚರ್ಚುಗಳೇ ವಸತಿಶಾಲೆಗಳನ್ನು ನಡೆಸಿ ಮೂಲನಿವಾಸಿ ಮಕ್ಕಳನ್ನು ಮನೆಯಿಂದಲೂ ನುಡಿಯಿಂದಲೂ ಅಗಲಿಸಿದವು. ಅಲ್ಲಿಯ ಆಂಗ್ಲಿಕನ್ ಚರ್ಚು ಅದಕ್ಕಾಗಿ ಕ್ಷಮೆ ಕೋರಿದುದು 1993ರಲ್ಲಿ.

ಹಾಗೆ ಮಕ್ಕಳನ್ನು ಅಗಲಿದ ಮೂಲನಿವಾಸಿ ಕುಲದಲ್ಲಿ ಹುಟ್ಟಿದ ತರುಣಿಯೊಬ್ಬಳು ಇಂದು ಮಾವೋರಿಗಳ ಸಭಾಸ್ಥಾನವಾದ ಮಾರಾಎಯ ಬಾಗಿಲಿಗೆ ಬಂದು ನಿಂತರೆ, ಮೊದಲು ಅವಳನ್ನು ಕರೆಯುವುದು ಸ್ತ್ರೀಕಂಠ. ಅತಿಥಿಗಳು ಒಟ್ಟಾಗಿ, ಮೆಲ್ಲಗೆ, ಗತಿಸಿದವರನ್ನು ನೆನೆಯುತ್ತ ಅಂಗಳವನ್ನು ದಾಟುವರು, ಹಿರಿಯರು ಮಾತನಾಡುವರು, ಪ್ರತಿಯೊಂದು ಭಾಷಣಕ್ಕೂ ಆಯಾ ಪಕ್ಷದವರು ಹಾಡಿನ ಬೆಂಬಲ ಕೊಡುವರು, ಅನಂತರ ಮೂಗಿಗೆ ಮೂಗು ತಾಗಿಸಿ ಉಸಿರು ಹಂಚಿಕೊಳ್ಳುವುದು, ಊಟ, ಮತ್ತು ಪಾದರಕ್ಷೆ ಕಳಚಿ ಒಳಹೊಕ್ಕ ಹಿರಿಮನೆಯಲ್ಲಿ ಸಾಲು ಹಾಸಿಗೆಗಳ ಮೇಲೆ ಎಲ್ಲರ ನಿದ್ರೆ. ತನ್ನ ಬೆಟ್ಟ ಯಾವುದು, ಹೊಳೆ ಯಾವುದು, ಪೂರ್ವಿಕರು ಯಾರು ಎಂಬುದನ್ನು ಅತಿಥಿಯೂ ಹೇಳಿಕೊಳ್ಳಬೇಕು, ಹಾಡಬೇಕು. ಆದುದರಿಂದ ಹೊರಡುವ ಮುನ್ನವೇ ತನ್ನ ಊರಿನ ಹಿರಿಯರ ಬಳಿ ಕುಳಿತು, ಅಜ್ಜಿಯ ಬಾಯಿಂದ ಶಾಲೆ ಕಿತ್ತುಕೊಂಡ ಭಾಷೆಯಲ್ಲಿ, ಒಂದು ಹಾಡನ್ನಾದರೂ ಅವಳು ಕಲಿತಿರಬೇಕಾಗುತ್ತದೆ.