ಹಗೇವಿನ ದೀಪ

ಬಿಗಿಮುಚ್ಚಳದ ಡಬ್ಬಿ ಅಡುಗೆಮನೆಗೆ ಬರುವುದಕ್ಕೆ ಬಹಳ ಮುಂಚೆಯೇ ಬಯಲುಸೀಮೆಯ ರೈತನು ಹುಳುವಿನ ಕಾಟಕ್ಕೆ ಉಪಾಯ ಕಂಡುಕೊಂಡಿದ್ದನು. ಅದೇ ನೆಲದೊಳಗಿನ ಹಗೇವು. ಬಾಯಿ ಕಿರಿದು, ಹೊಟ್ಟೆ ಹಿರಿದು, ಒಳಗೋಡೆಗೆ ಹುಲ್ಲು, ರಾಗಿಯನ್ನೋ ಜೋಳವನ್ನೋ ತುಂಬಿದ ಮೇಲೆ ಬಾಯಿಗೆ ಚಪ್ಪಡಿ, ಅದರ ಸುತ್ತ ಮಣ್ಣಿನ ಮೆತ್ತುಗೆ. ಗಾಳಿಯಾಡದ ಆ ಕತ್ತಲೆಯಲ್ಲಿ ಕಾಳೂ ಹುಳುವೂ ಉಸಿರಾಡಿ ಆಮ್ಲಜನಕ ಕುಗ್ಗುತ್ತದೆ, ಇಂಗಾಲಾಮ್ಲ ಹೆಚ್ಚುತ್ತದೆ; ಹುಳು ತನ್ನ ಉಸಿರಿನಿಂದಲೇ ಸಾಯುತ್ತದೆ. ರಾಗಿಯಂತೂ ವರ್ಷಗಟ್ಟಲೆ ಕೆಡದು.

ಆದರೆ ಹುಳುವನ್ನು ಕೊಂದ ಗಾಳಿ ಮನುಷ್ಯನನ್ನೂ ಬಿಡದು. ಅವಸರದಿಂದ ಇಳಿದವನು ಮೇಲೆ ಬಾರದೆ ಹೋಗಬಹುದು. ಅವನನ್ನೆತ್ತಲು ಇಳಿದವನಿಗೂ ಅದೇ ಗತಿ. ಆದುದರಿಂದಲೇ ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಹಗ್ಗದಲ್ಲಿ ದೀಪವನ್ನು ಇಳಿಬಿಟ್ಟು ನೋಡುವ ರೂಢಿ. ಆರಿತೋ, ಇಳಿಯಕೂಡದು. ಮೈಸೂರು ಸೀಮೆಯಲ್ಲಿ 1876-78ರ ಕ್ಷಾಮದಂಥ ದಿನಗಳಲ್ಲಿ, ಹಸಿದ ಮಕ್ಕಳು ಸುತ್ತ ನಿಂತಿರುವಾಗ, ದೀಪ ಆರದೆ ನಿಲ್ಲುವವರೆಗೆ ಕಾಯುವುದು ಎಷ್ಟು ಕಠಿನವಾಗಿದ್ದಿರಬೇಕು!